ಗದ್ದೆ ಬಯಲಿನ ಸೈಟು, ಗುಡ್ಡದ ಸೈಟು: ಮಲೆನಾಡಿನ ಮನೆಗೆ ಯಾವ ಪಾಯ, ಯಾವ ಕಟ್ಟು?

ಅಣ್ಣ ತಮ್ಮ ಇಬ್ಬರೂ ಒಂದೇ ನಕ್ಷೆ ಹಿಡಿದು ನನ್ನ ಕಚೇರಿಗೆ ಬಂದಿದ್ದರು. ಅಣ್ಣನದು ಶಿವಮೊಗ್ಗದ ಹೊರವಲಯದ ಬಡಾವಣೆಯಲ್ಲಿ 30–40ರ ಸೈಟು. ತಮ್ಮನದು ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿ, ಅಡಿಕೆ ತೋಟದ ಮೇಲ್ಬದಿಗಿರುವ ಗುಡ್ಡದ ಮಗ್ಗುಲು. ಕೆಳಗೆ ಹಾಲ್, ಅಡುಗೆಮನೆ, ದೇವರಕೋಣೆ, ಒಂದು ರೂಮು. ಮೇಲೆ ಎರಡು ರೂಮು. ಅಣ್ಣನ ಮನೆಗೆ 12 ಪಿಲ್ಲರ್ ಬೇಕೆಂದು ಮೇಸ್ತ್ರಿ ಆಗಲೇ ಹೇಳಿಬಿಟ್ಟಿದ್ದ. "ಅದೇ ಲೆಕ್ಕ ನನಗೂ ಹಾಕ್ಕೊಡಿ ಸಾರ್, ಮನೆ ಒಂದೇ ಥರ ಅಲ್ವಾ" ಅಂದರು ತಮ್ಮ.

ಮನೆಯೇನೋ ಒಂದೇ ಥರ. ನೆಲ ಬೇರೆ, ಮಳೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ ಇರುವಾಗ ಒಬ್ಬರ ಪಾಯದ ಲೆಕ್ಕವನ್ನು ಇನ್ನೊಬ್ಬರಿಗೆ ಕೊಡುವುದು ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಹಾಕಿದ ಹಾಗೆ. ಅವರಿಬ್ಬರ ಮನೆಯನ್ನೇ ಮುಂದಿಟ್ಟುಕೊಂಡು, ಗೋಡೆಯೇ ಭಾರ ಹೊರುವ ಮನೆ ಯಾರಿಗೆ, ಪಿಲ್ಲರ್ ಮನೆ ಯಾರಿಗೆ, ಕಲ್ಲಿನ ಪಾಯ ಎಲ್ಲಿಯವರೆಗೆ ಸಾಕು, ಎಲ್ಲಿಂದ ಮುಂದೆ ಸಾಲದು ಎಂಬುದನ್ನು ಹೇಳುತ್ತೇನೆ.

ಮೊದಲು ಗುಂಡಿ ತೋಡಿ

ಬಹಳ ಜನ ಪಿಲ್ಲರ್ ಎಷ್ಟು ಎಂಬಲ್ಲಿಂದ ಮಾತು ಶುರುಮಾಡುತ್ತಾರೆ. ನಾನು ಶುರುಮಾಡುವುದು ಗುಂಡಿಯಿಂದ. ಮನೆ ಬರುವ ಜಾಗದ ಎರಡು ಎದುರುಬದುರು ಮೂಲೆಗಳಲ್ಲಿ, ಸಾಧ್ಯವಾದರೆ ನಡುವೆಯೂ ಒಂದು, ಆರರಿಂದ ಏಳು ಅಡಿ ಆಳದ ಗುಂಡಿ ತೆಗೆಸಿ. ಜೆಸಿಬಿಗೆ ಅದು ಅರ್ಧ ದಿನದ ಕೆಲಸ. ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಕಾಣುತ್ತವೆ: ಮೇಲೆ ಕಪ್ಪು ಗೊಬ್ಬರಮಣ್ಣು, ಕೆಳಗೆ ಕೆಂಪುಮಣ್ಣು, ಅದರ ಕೆಳಗೆ ಗಟ್ಟಿ ಜಂಬಿಟ್ಟಿಗೆ (ಕೆಂಪುಕಲ್ಲು) ಅಥವಾ ಬಿಳಿ, ಗುಲಾಬಿ ಬಣ್ಣದ ಶೇಡಿಮಣ್ಣು.

ಜಿಗುಟು ಮಣ್ಣಾದರೆ ಹೆಬ್ಬೆರಳೇ ಮೊದಲ ಪರೀಕ್ಷೆ. ಕಟ್ಟಡದ ಪಾಯಕ್ಕಾಗಿ ಇರುವ ಭಾರತೀಯ ಮಾನಕ ಐಎಸ್ 1904ರಲ್ಲೇ ಇದು ಇದೆ. ಹೆಬ್ಬೆರಳ ಉಗುರಿಗೆ ಸುಲಭವಾಗಿ ಗುಳಿ ಬೀಳುವ ಜೇಡಿಮಣ್ಣು ಚದರ ಮೀಟರಿಗೆ ಸುಮಾರು 25 ಟನ್ ಹೊರುತ್ತದೆ. ಹೆಬ್ಬೆರಳನ್ನು ಬಲವಾಗಿ ಒತ್ತಿದಾಗ ತಗ್ಗಾಗುವ ತೇವದ ಮಣ್ಣು 15 ಟನ್. ಸಾಧಾರಣವಾಗಿ ಒತ್ತಿದರೇ ತಗ್ಗಾದರೆ 10. ಹೆಬ್ಬೆರಳು ಕೆಲವು ಇಂಚು ಒಳಗೇ ಇಳಿದುಹೋದರೆ 5 ಟನ್. ಇದು ಅಂದಾಜು, ಎರಡು ಅಂತಸ್ತಿಗಿಂತ ಹೆಚ್ಚಾದರೆ ಅಥವಾ ಮಣ್ಣಿನ ಮೇಲೆ ಸಂಶಯವಿದ್ದರೆ ಬೋರ್ ಹಾಕಿಸಿ, ಕೊಳವೆ ಬಡಿದು ಇಳಿಸಿ ನೆಲದ ಗಟ್ಟಿತನ ಅಳೆಯುವ ಎಸ್‌ಪಿಟಿ ಪರೀಕ್ಷೆ ಮಾಡಿಸಲೇಬೇಕು. ಅದಕ್ಕಾಗುವ ಖರ್ಚು ಮನೆಯ ಖರ್ಚಿನ ಮುಂದೆ ತೀರಾ ಸಣ್ಣದು.

ಹೆಬ್ಬೆರಳನ್ನು ಬೇಸಿಗೆಯಲ್ಲಿ ಒತ್ತಿ ನೋಡಿ ನಂಬಬೇಡಿ. ಶೇಡಿಮಣ್ಣು ಒಣಗಿದಾಗ ಪಿಕಾಸಿಗೂ ಜಗ್ಗದಂತೆ ನಿಲ್ಲುತ್ತದೆ, ನೀರು ಕುಡಿದರೆ ಬೆಣ್ಣೆಯಂತಾಗುತ್ತದೆ. ಮೇಲಿನ ಜಂಬಿಟ್ಟಿಗೆ ಪದರ ಗಟ್ಟಿಯಾಗಿದೆ ಎಂದು ಧೈರ್ಯದಿಂದ ಗುಡ್ಡ ಕಡಿಯುತ್ತಾ ಹೋದವರು ಆ ಪದರವನ್ನು ದಾಟಿ ಶೇಡಿಗೆ ಇಳಿದುಬಿಟ್ಟಿರುತ್ತಾರೆ. ಗಟ್ಟಿ ಭಾಗ ತೋಟದ ರಸ್ತೆಗೆ ಮಣ್ಣಾಗಿ ಹೋಯಿತು, ಮೆತ್ತನೆಯದು ಮನೆಗೆ ಉಳಿಯಿತು. ಹೀಗೆ ಆದದ್ದನ್ನು ತೀರ್ಥಹಳ್ಳಿ ಕಡೆ ಎಷ್ಟೋ ಸಲ ನೋಡಿದ್ದೇನೆ.

ಗೋಡೆ ಹೊರುವ ಮನೆ, ಪಿಲ್ಲರ್ ಹೊರುವ ಮನೆ

ಲೋಡ್ ಬೇರಿಂಗ್ ಮನೆಯಲ್ಲಿ ಮೋಲ್ಡಿನ ಭಾರ ಗೋಡೆಗೆ, ಗೋಡೆಯ ಭಾರ ಅದರ ಉದ್ದಕ್ಕೂ ಪಾಯಕ್ಕೆ ಇಳಿಯುತ್ತದೆ. ಪಿಲ್ಲರ್ ಮನೆಯಲ್ಲಿ ಮೋಲ್ಡು ಬೀಮಿಗೆ, ಬೀಮು ಪಿಲ್ಲರಿಗೆ, ಪಿಲ್ಲರು ತನ್ನ ಬುಡದ ಅಗಲವಾದ ಕಾಂಕ್ರೀಟ್ ಪಾದಕ್ಕೆ, ಅಂದರೆ ಫೂಟಿಂಗಿಗೆ. ಗೋಡೆ ಬರೀ ಮರೆ. ಅಂದರೆ ಮೊದಲನೆಯದು ಭಾರವನ್ನು ಹರಡುತ್ತದೆ, ಎರಡನೆಯದು ಕೆಲವೇ ಬಿಂದುಗಳಿಗೆ ಒಟ್ಟುಗೂಡಿಸುತ್ತದೆ. ನೆಲದ ಮಟ್ಟಿಗೆ ಇಷ್ಟೇ ವ್ಯತ್ಯಾಸ, ಆದರೆ ಇದರಿಂದಲೇ ಮುಂದಿನದೆಲ್ಲ ತೀರ್ಮಾನವಾಗುತ್ತದೆ.

ಅಣ್ಣತಮ್ಮಂದಿರ ನಕ್ಷೆಯನ್ನೇ ಲೆಕ್ಕ ಹಾಕೋಣ. ಕೋಣೆಗಳು ಸುಮಾರು 13 ಅಡಿಯವು, ಅಂದರೆ 4 ಮೀಟರ್. ಐದು ಇಂಚಿನ ಮೋಲ್ಡು, ನೆಲಹಾಸು, ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 600 ಕೆ.ಜಿ. ಒಂಬತ್ತು ಇಂಚಿನ ಜಂಬಿಟ್ಟಿಗೆ ಗೋಡೆ 3 ಮೀಟರ್ ಎತ್ತರಕ್ಕೆ, ಪ್ರತಿ ಮೀಟರ್ ಉದ್ದಕ್ಕೆ 1.45 ಟನ್ ಹತ್ತಿರ ತೂಗುತ್ತದೆ. ಎರಡೂ ಮಗ್ಗುಲ ಕೋಣೆಗಳ ಮೋಲ್ಡು ನಡುಗೋಡೆಯ ಮೇಲೇ ಕೂತಿತು ಎಂದು ಹೆಚ್ಚಿನ ಲೆಕ್ಕವನ್ನೇ ಹಿಡಿದರೆ, ಎರಡು ಅಂತಸ್ತಿಗೆ ಮೀಟರಿಗೆ 7.7 ಟನ್. ಪಾಯದ ಕಲ್ಲಿನ ತೂಕವೂ ಸೇರಿದರೆ 9.5 ಟನ್. ನೆಲ 15 ಟನ್ ಹೊರುವುದಾದರೆ ಎರಡು ಅಡಿ ಅಗಲದ ಪಾಯ ಸಾಕು. 10 ಟನ್ನಿನ ನೆಲಕ್ಕೆ ಮೂರು ಅಡಿಗೆ ಸ್ವಲ್ಪ ಹೆಚ್ಚು. 5 ಟನ್ನಿನ ನೆಲಕ್ಕೆ ಆರು ಅಡಿ ದಾಟುತ್ತದೆ; ಅಷ್ಟು ಅಗಲಕ್ಕೆ ಸೈಜುಗಲ್ಲು ಜೋಡಿಸಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ಅದೇ ಮನೆಗೆ ಪಿಲ್ಲರ್ ಹಾಕಿದರೆ ನಡುವಿನ ಒಂದು ಪಿಲ್ಲರಿಗೆ 45 ಟನ್ ಹತ್ತಿರ ಬರುತ್ತದೆ. 15 ಟನ್ನಿನ ನೆಲದಲ್ಲಿ ಅದರ ಫೂಟಿಂಗ್ ಆರು ಅಡಿ ಚೌಕ. 10ರ ನೆಲದಲ್ಲಿ ಏಳಡಿ ಮೀರುತ್ತದೆ. 5ರ ನೆಲದಲ್ಲಿ ಹತ್ತಡಿಗೂ ಹೆಚ್ಚು. ಪಿಲ್ಲರಿನಿಂದ ಪಿಲ್ಲರಿಗೆ ಇರುವುದೇ 13 ಅಡಿ! ಫೂಟಿಂಗುಗಳೆಲ್ಲ ಸೇರಿ ಮನೆಯ ಅರ್ಧ ಜಾಗಕ್ಕಿಂತ ಹೆಚ್ಚು ತಿನ್ನತೊಡಗಿದಾಗ ಬಿಡಿಬಿಡಿ ಫೂಟಿಂಗ್ ಬಿಟ್ಟು ಇಡೀ ಮನೆಯಡಿಗೆ ಒಂದೇ ಕಾಂಕ್ರೀಟ್ ಹಾಸು, ಅಂದರೆ ರಾಫ್ಟ್ ಹಾಕುವುದು ವಾಸಿ.

ಈ ಲೆಕ್ಕ ನೋಡಿದರೆ ಗೊತ್ತಾಗುತ್ತದೆ, ನೆಲ ಎಲ್ಲೆಡೆ ಒಂದೇ ಸಮ ಗಟ್ಟಿಯಿದ್ದು, ಮನೆ ಎರಡು ಅಂತಸ್ತಿಗೆ ನಿಲ್ಲುವುದಾದರೆ ಪಿಲ್ಲರಿನಿಂದ ಸಿಗುವ ಹೆಚ್ಚಿನ ಲಾಭ ಏನೂ ಇಲ್ಲ. "ಪಿಲ್ಲರ್ ಇಲ್ಲದ ಮನೆಗೆ ಬೆಲೆ ಇಲ್ಲ" ಎಂಬ ಮಾತು ಈಗ ಊರೂರಿನಲ್ಲೂ ಹಬ್ಬಿದೆ. ಸಾಗರ, ಸೊರಬ ಕಡೆಯ ಒಳ್ಳೆಯ ಜಂಬಿಟ್ಟಿಗೆ ನೆಲದ ಮೇಲೆ ಅದೇ ಕಲ್ಲಿನ ಗೋಡೆಯಲ್ಲಿ ಕಟ್ಟುವವರಿಗೆ ನಾನು ಈ ಮಾತನ್ನು ಒಪ್ಪುವುದಿಲ್ಲ. ಸಿಮೆಂಟು, ಕಬ್ಬಿಣ ಎರಡೂ ಉಳಿಯುತ್ತವೆ, ಬೇಸಿಗೆಯಲ್ಲಿ ಮನೆ ತಂಪಾಗಿರುತ್ತದೆ.

ಜಂಬಿಟ್ಟಿಗೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಡಿಪ್ಪುರಂನ ಕಲ್ಲು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಮೂಲ ಇಟ್ಟಿಗೆ. ನಮ್ಮ ಪದದೊಳಗೂ ಇಟ್ಟಿಗೆ ಕೂತಿದೆ. ನೆಲದಲ್ಲಿರುವಾಗ ಕಡಿಯಲು ಬರುವಷ್ಟು ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ, ಇದೇ ಅದರ ಗುಣ. ಆದ್ದರಿಂದ ಕಡಿದ ಕಲ್ಲನ್ನು ಮಾರನೆಯ ದಿನವೇ ಗೋಡೆಗೆ ಏರಿಸದೆ ಕೆಲವು ತಿಂಗಳು ಬಿಸಿಲಿಗೆ ಒಟ್ಟಿಡಬೇಕು. ಐಎಸ್ 3620ರ ಪ್ರಕಾರ ಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳಬೇಕು, ತೂಕದ ನೂರಕ್ಕೆ 12ಕ್ಕಿಂತ ಹೆಚ್ಚು ನೀರು ಹೀರಬಾರದು. ನೀರಿನ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು: ಒಣಗಿದ ಕಲ್ಲು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿ. 30 ಕಿಲೋ ಇದ್ದದ್ದು 33.6 ದಾಟಿದರೆ ಆ ಗಣಿಯ ಕಲ್ಲು ಬೇಡ. ಒಳಗೆ ಬಿಳಿ ಮಣ್ಣಿನ ಗಂಟುಗಳು ಕಂಡರೂ ಬೇಡ.

ಕಲ್ಲು 3.5 ತಾಳಿದರೂ ಅಂಥ ಕಲ್ಲಿನ ಗೋಡೆಗೆ ಲೆಕ್ಕದಲ್ಲಿ ಬಿಡುವುದು ಅದರ ಹತ್ತರಲ್ಲೊಂದು ಪಾಲು. ಮೇಲಿನ 7.7 ಟನ್ನನ್ನು ಒಂಬತ್ತು ಇಂಚಿಗೆ ಹಂಚಿದರೆ 0.33 ನ್ಯೂಟನ್ ಬರುತ್ತದೆ, 0.35ರ ಅಂಚಿಗೆ ಬಂದು ನಿಂತಿದ್ದೇವೆ. ಹಾಗಾಗಿ ಮುಂದೆ ಎಂದಾದರೂ ಮೂರನೆಯ ಅಂತಸ್ತು ಏರಿಸುವ ಆಸೆ ಇದ್ದರೆ ಈಗಲೇ ಹೇಳಿಬಿಡಿ, ಆಗ ಪಿಲ್ಲರೇ ಸರಿ. ಕೆಳಗೆ ಕಾರು ನಿಲ್ಲಿಸಲು ಗೋಡೆಯಿಲ್ಲದ ಜಾಗ, 20 ಅಡಿಯ ಹಾಲ್, ಮೇಲಿನ ಗೋಡೆಯ ಕೆಳಗೆ ಗೋಡೆಯೇ ಇಲ್ಲದ ನಕ್ಷೆ, ಇವಕ್ಕೂ ಪಿಲ್ಲರೇ.

ಲೋಡ್ ಬೇರಿಂಗ್ ಮನೆಯಲ್ಲಿ ಉಳಿತಾಯ ಮಾಡಬಾರದ ಒಂದು ವಸ್ತು ಬ್ಯಾಂಡ್. ಪ್ಲಿಂತ್ ಮಟ್ಟದಲ್ಲಿ (ಪಾಯ ಮುಗಿದು ಗೋಡೆ ಶುರುವಾಗುವಲ್ಲಿ), ಲಿಂಟಲ್ ಮಟ್ಟದಲ್ಲಿ (ಬಾಗಿಲು ಕಿಟಕಿಗಳ ತಲೆಯ ಮೇಲೆ) ಮನೆಯ ಸುತ್ತ, ಒಳಗೋಡೆಗಳ ಮೇಲೂ ಎಲ್ಲೂ ತುಂಡಾಗದೆ ಸುತ್ತುವ ಕಾಂಕ್ರೀಟ್ ಪಟ್ಟಿ ಅದು. ಕಿಟಕಿಯ ಮೇಲಷ್ಟೇ ಲಿಂಟಲ್ ಹಾಕಿ ಉಳಿದಲ್ಲಿ ಬಿಡುವುದು ರೂಢಿಯಾಗಿದೆ. 2021ರ ಜನವರಿ 21ರ ರಾತ್ರಿ ಹುಣಸೋಡಿನ ಬಳಿ ಜಿಲೆಟಿನ್ ಸ್ಫೋಟವಾದಾಗ ಶಿವಮೊಗ್ಗದ ಜನ ಭೂಕಂಪವೆಂದು ಮನೆಯಿಂದ ಹೊರಗೆ ಓಡಿದರು, ಎಷ್ಟೋ ಮನೆಗಳ ಗೋಡೆ ಬಿರುಕು ಬಿಟ್ಟವು. ನೆಲ ಅಲುಗಿದಾಗ ನಾಲ್ಕು ಗೋಡೆ ನಾಲ್ಕು ಕಡೆ ಹೋಗದಂತೆ ಕಟ್ಟಿಹಿಡಿಯುವುದು ಈ ಪಟ್ಟಿ.

ಅಣ್ಣನ ಸೈಟು: ಗದ್ದೆ ತುಂಬಿಸಿದ ಬಡಾವಣೆ

ಶಿವಮೊಗ್ಗದ ಸುತ್ತಲಿನ ಹೊಸ ಬಡಾವಣೆಗಳಲ್ಲಿ ಬಹಳಷ್ಟು ಹಿಂದೆ ಭತ್ತದ ಗದ್ದೆ. ರಸ್ತೆಯ ಮಟ್ಟಕ್ಕೆ ತರಲು ನಾಲ್ಕಾರು ಅಡಿ ಮಣ್ಣು ತುಂಬಿಸಿರುತ್ತಾರೆ. ಆ ತುಂಬು ಮಣ್ಣಿನಲ್ಲಿ ಒಡೆದ ಮನೆಯ ಇಟ್ಟಿಗೆ, ಪ್ಲಾಸ್ಟಿಕ್, ಮರದ ಬೇರು ಎಲ್ಲ ಇರುತ್ತದೆ. ಅಣ್ಣನ ಗುಂಡಿಯಲ್ಲಿ ನಾಲ್ಕೂವರೆ ಅಡಿ ಹೀಗೆ ತುಂಬಿಸಿದ್ದು, ಅದರ ಕೆಳಗೆ ಒಂದೂವರೆ ಅಡಿ ಗದ್ದೆಯ ಬೂದು ಜೇಡಿ, ಆಮೇಲೆ ಹೆಬ್ಬೆರಳಿಗೆ ಕಷ್ಟಪಟ್ಟು ತಗ್ಗಾಗುವ ಹಳದಿ ಮಣ್ಣು.

ಇಲ್ಲಿ ಕಲ್ಲಿನ ಪಾಯ ಎಂದರೆ ಆರಡಿ ಕೆಳಗಿನಿಂದ ರಸ್ತೆಗಿಂತ ಎರಡಡಿ ಮೇಲಿನವರೆಗೆ, ಎಲ್ಲ ಗೋಡೆಗಳ ಕೆಳಗೂ ಎಂಟಡಿ ಎತ್ತರದ ಕಲ್ಲುಕಟ್ಟು. ಪಿಲ್ಲರಾದರೆ 12 ಕಡೆ ಮಾತ್ರ ಆಳಕ್ಕೆ ಇಳಿದು, ಪಿಲ್ಲರನ್ನು ಮೇಲೆತ್ತಿ, ಪ್ಲಿಂತ್ ಬೀಮಿನಿಂದ ಗೋಡೆ ಹೊರಿಸಬಹುದು. ಅಣ್ಣನಿಗೆ ಮೇಸ್ತ್ರಿ ಹೇಳಿದ 12 ಪಿಲ್ಲರ್ ಸರಿಯಾಗಿಯೇ ಇತ್ತು, ಆದರೆ ಅವನು ಹೇಳಿದ ನಾಲ್ಕಡಿ ಆಳ ತಪ್ಪು. ಫೂಟಿಂಗು ತುಂಬಿಸಿದ ಮಣ್ಣಿನಲ್ಲೇ ಕೂತುಬಿಡುತ್ತಿತ್ತು. ಅಷ್ಟು ಎತ್ತರದ ಪಿಲ್ಲರು ನೆಲದೊಳಗೆ ಒಂಟಿಯಾಗಿ ನಿಲ್ಲದಂತೆ ನಡುವೆ ಒಂದನ್ನೊಂದು ಕಟ್ಟಿಹಿಡಿಯುವ ಟೈ ಬೀಮ್ ಕೊಟ್ಟೆವು.

ಗಟ್ಟಿ ನೆಲ ಎಂಟು ಹತ್ತಡಿಯಾದರೂ ಸಿಗದಿದ್ದರೆ? ಆಗ ರಾಫ್ಟು. ತುಂಬಿದ್ದನ್ನು ತೆಗೆದು, ಒಳ್ಳೆಯ ಗರಸುಮಣ್ಣನ್ನು ಆರರಿಂದ ಎಂಟು ಇಂಚಿನ ಪದರಗಳಲ್ಲಿ ನೀರು ಹಾಕಿ ರೋಲರ್ ಅಥವಾ ಪ್ಲೇಟ್ ಕಂಪ್ಯಾಕ್ಟರಿನಿಂದ ಬಿಗಿದು, ಅದರ ಮೇಲೆ ಬೀಮು ಸಹಿತ ಹಾಸು. ಕಬ್ಬಿಣ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಒಂದೆರಡು ಮೆತ್ತನೆಯ ಜಾಗಗಳಿದ್ದರೂ ಮನೆ ಒಟ್ಟಾಗಿ ಇಳಿಯುತ್ತದೆ. ಮನೆ ಸಮನಾಗಿ ಒಂದಿಂಚು ಇಳಿದರೆ ಯಾರಿಗೂ ತಿಳಿಯುವುದಿಲ್ಲ. ಒಂದು ಮೂಲೆ ಮಾತ್ರ ಅರ್ಧ ಇಂಚು ಇಳಿದರೆ ಬಾಗಿಲು ಮುಚ್ಚುವುದಿಲ್ಲ.

ಶಿಕಾರಿಪುರ, ಹೊನ್ನಾಳಿ ಕಡೆ ಎರೆಮಣ್ಣು ಸಿಕ್ಕಿದವರ ಸಂಗತಿ ಬೇರೆ. ಎರೆ ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ, ಮಳೆಗೆ ಉಬ್ಬಿ ಮನೆಯನ್ನೇ ಎತ್ತುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಅಂಡರ್‌ರೀಮ್ಡ್ ಪೈಲ್ ರೂಪಿಸಿತು: ತೆಳ್ಳನೆಯ ಕಾಂಕ್ರೀಟ್ ಗೂಟ, ಬುಡದಲ್ಲಿ ಎರಡೂವರೆ ಪಟ್ಟು ಅಗಲದ ಗೆಡ್ಡೆ. ಮಣ್ಣಿನ ತೇವ ಏರಿಳಿಯದ ಆಳದಲ್ಲಿ, ಸಾಮಾನ್ಯವಾಗಿ 3.5 ಮೀಟರಿನ ಕೆಳಗೆ, ಆ ಗೆಡ್ಡೆ ಕಚ್ಚಿಕೊಳ್ಳುತ್ತದೆ. ಎರೆ ಪದರ ಮೂರ್ನಾಲ್ಕು ಅಡಿಯಷ್ಟೇ ಇದ್ದರೆ ಅದನ್ನು ದಾಟಿ ಕೆಳಗಿನ ಗರಸಿಗೆ ಫೂಟಿಂಗ್ ಇಳಿಸುವುದೇ ಸುಲಭ.

ತಮ್ಮನ ಸೈಟು: ಧರೆಯ ಕೆಳಗೆ

ಗುಡ್ಡದ ಮಗ್ಗುಲಲ್ಲಿ ಮನೆ ಕಟ್ಟಲು ಮೂರು ದಾರಿ. ಗುಡ್ಡವನ್ನು ಪೂರ್ತಿ ಕಡಿದು ಸಮತಟ್ಟು ಮಾಡುವುದು ಒಂದು. ಅರ್ಧ ಕಡಿದು, ಕಡಿದ ಮಣ್ಣನ್ನೇ ಮುಂದೆ ತುಂಬಿ ಅಂಗಳ ಮಾಡಿ ಅದರ ಮೇಲೆ ಮನೆ ಕೂರಿಸುವುದು ಇನ್ನೊಂದು. ಇಳಿಜಾರನ್ನು ಹಾಗೇ ಬಿಟ್ಟು ಮನೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ಮೂರನೆಯದು.

ಹೆಚ್ಚಿನವರು ಮಾಡುವುದು ಎರಡನೆಯದನ್ನು, ಯಾಕೆಂದರೆ ಜೆಸಿಬಿಯ ಗಂಟೆ ಕಡಿಮೆ, ಮಣ್ಣು ಸಾಗಿಸುವ ಖರ್ಚಿಲ್ಲ. ನಾನು ಅತ್ಯಂತ ಹೆದರುವುದೂ ಅದಕ್ಕೇ. ಕೆಲಸಕ್ಕೆ ಹೊಸಬನಾಗಿದ್ದಾಗ ನಾನೇ ಹಾಗೆ ಒಂದು ಮನೆಗೆ ಒಪ್ಪಿಗೆ ಕೊಟ್ಟಿದ್ದೆ. ಹಿಂದಿನ ಅರ್ಧ ಗಟ್ಟಿ ಜಂಬಿಟ್ಟಿಗೆಯ ಮೇಲೆ, ಮುಂದಿನ ಅರ್ಧ ತುಂಬಿದ ಮಣ್ಣಿನ ಮೇಲೆ. ಅಗಲವಾದ ಕಲ್ಲಿನ ಪಾಯ ಹಾಕಿದ್ದೇವಲ್ಲ ಎಂಬ ನೆಮ್ಮದಿ. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯ ವರ್ಷ ಪುಷ್ಯ ಮಳೆಯ ಹೊತ್ತಿಗೆ ಹಾಲಿನ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಒಂದು ಬಿರುಕು. ಸಿಮೆಂಟು ಮೆತ್ತಿದೆವು, ಮರುವರ್ಷ ಅದೇ ಜಾಗದಲ್ಲಿ ಬೆರಳು ತೂರುವಷ್ಟಾಯಿತು. ಕೊನೆಗೆ ಮುಂದಿನ ಗೋಡೆಯ ಕೆಳಗೆ ಸ್ವಲ್ಪ ಸ್ವಲ್ಪವೇ ಅಗೆದು, ಮೂಲ ನೆಲದವರೆಗೆ ಕಾಂಕ್ರೀಟ್ ಇಳಿಸಬೇಕಾಯಿತು. ಆ ಮನೆಯ ಅಜ್ಜಿ ಒಂದು ಮಾತನ್ನೂ ಆಡದೆ ಕೆಲಸದವರಿಗೆಲ್ಲ ದಿನಾ ಕಷಾಯ ಕೊಡುತ್ತಿದ್ದರು. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಅರ್ಧ ಕಡಿದು ಅರ್ಧ ತುಂಬುವುದು ಅನಿವಾರ್ಯವೇ ಆದರೆ ಎರಡು ಕಟ್ಟುನಿಟ್ಟು. ಮುಂದಿನ ಪಾಯವೂ ತುಂಬಿದ್ದನ್ನು ದಾಟಿ ಮೂಲ ನೆಲ ಮುಟ್ಟಬೇಕು; ಇದಕ್ಕೆ ಪಿಲ್ಲರೇ ಅನುಕೂಲ. ಮುಂದಿನ ಕೋಣೆಗಳ ನೆಲವೂ ತುಂಬು ಮಣ್ಣಿನ ಮೇಲೆ ಮಲಗಬಾರದು, ಪ್ಲಿಂತ್ ಬೀಮಿನ ಮೇಲೆ ಮೋಲ್ಡಿನಂತೆ ನಿಲ್ಲಬೇಕು. ಇಲ್ಲದಿದ್ದರೆ ಗೋಡೆ ನಿಂತರೂ ಟೈಲ್ಸ್ ಕುಸಿಯುತ್ತದೆ.

ಪೂರ್ತಿ ಕಡಿದರೆ ಮನೆಯೆಲ್ಲ ಮೂಲ ನೆಲದ ಮೇಲೇ ನಿಲ್ಲುತ್ತದೆ, ಲೋಡ್ ಬೇರಿಂಗಿಗೆ ಅದು ಒಳ್ಳೆಯದೇ. ಆದರೆ ಹಿಂದೆ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, ಎತ್ತರವಾಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈಯಲ್ಲಿ ಅಂಕೋಲಾದ ಶಿರೂರು ಕಂಡ ಮೇಲೆ ಹಿತ್ತಿಲ ಬಾಗಿಲಿಗೆ ಒತ್ತಿಕೊಂಡು ನಿಂತ 15 ಅಡಿಯ ನೆಟ್ಟನೆ ಧರೆ ನೋಡಿದರೆ ನನಗೆ ನಿದ್ದೆ ಬರುವುದಿಲ್ಲ. ಧರೆಯನ್ನು ನೆಟ್ಟಗೆ ಕಡಿಯದೆ ಮೆಟ್ಟಿಲಾಗಿ ಕಡಿಯಿರಿ. ಧರೆಯ ತಲೆಯ ಮೇಲೆ ನೀರನ್ನು ಪಕ್ಕಕ್ಕೆ ಕರೆದೊಯ್ಯುವ ಅಗಳ, ಬುಡದಲ್ಲಿ ಇನ್ನೊಂದು ಕಾಲುವೆ, ಎರಡೂ ಬೇಕು. ಮೇಲೆ ತೋಟದ ನೀರಿನ ಟ್ಯಾಂಕಾಗಲಿ, ಇಂಗುಗುಂಡಿಯಾಗಲಿ, ಶೌಚದ ಗುಂಡಿಯಾಗಲಿ ಇರಬಾರದು. ಇಂಗುಗುಂಡಿ ಒಳ್ಳೆಯ ಕೆಲಸವೇ, ಆದರೆ ಮನೆಯ ಮೇಲ್ಬದಿಯ ಧರೆಯಲ್ಲಿ ಅದು ಧರೆಗೆ ನೀರು ಕುಡಿಸುತ್ತದೆ.

ತಡೆಗೋಡೆಯ ಲೆಕ್ಕವನ್ನೂ ಕೊಡುತ್ತೇನೆ, ಯಾಕೆಂದರೆ ಇದನ್ನು ನೋಡಿದ ಮೇಲೆ ಯಾರೂ ನೀರು ಹೋಗುವ ತೂತು ಬಿಡಲು ಮರೆಯುವುದಿಲ್ಲ. 3 ಮೀಟರ್ ಎತ್ತರದ ಗೋಡೆಯ ಹಿಂದಿನ ಒಣ ಮಣ್ಣು ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2.7 ಟನ್ ತಳ್ಳುತ್ತದೆ. ಅದೇ ಹಿಂಬದಿಯಲ್ಲಿ ನೀರು ತುಂಬಿ ನಿಂತರೆ ನೀರೊಂದೇ 4.5 ಟನ್, ಮಣ್ಣೂ ಸೇರಿ 6 ಟನ್ ಹತ್ತಿರ. ಒಣಗಲ್ಲಿನ ಕಟ್ಟೆಗಳು, ತಂತಿಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್‌ಗಳು ಮಲೆನಾಡಿನಲ್ಲಿ ಚೆನ್ನಾಗಿ ಬಾಳುವುದು ಸಂದಿಗಳಿಂದ ನೀರು ತಾನೇ ಹೊರಬರುವುದರಿಂದ. ಜಾಗವಿದ್ದರೆ ನನ್ನ ಮೊದಲ ಆಯ್ಕೆ ಅವೇ. ಕಲ್ಲಿನ ಕಟ್ಟೆಗೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಹೆಚ್ಚೇ ಬೇಕು. ಜಾಗ ಇಕ್ಕಟ್ಟಾದರೆ ಆರ್‌ಸಿಸಿ ತಡೆಗೋಡೆ, ಹಿಂದೆ ಜೆಲ್ಲಿಯ ಪದರ, ಐದೈದು ಅಡಿಗೊಂದು ಪೈಪು. ಏನೇ ಕಟ್ಟಿದರೂ ಮನೆಯ ಹಿಂಗೋಡೆಯನ್ನೇ ತಡೆಗೋಡೆ ಮಾಡಬೇಡಿ. ನಡುವೆ ಮನುಷ್ಯ ನಡೆದುಹೋಗಿ ಕಾಲುವೆ ಬಳಿಯುವಷ್ಟು ಜಾಗ ಇರಲಿ.

ಮೂರನೆಯ ದಾರಿ ನಮ್ಮ ಹಿರಿಯರದು. ಹಳೆಯ ಮನೆಗಳಲ್ಲಿ ಜಗಲಿಯಿಂದ ನಡುಮನೆಗೆ ಒಂದು ಮೆಟ್ಟಿಲು ಹತ್ತಿ, ಅಲ್ಲಿಂದ ಅಡುಗೆಮನೆಗೆ ಇನ್ನೊಂದು ಹತ್ತಿ ಹೋಗುತ್ತಿದ್ದೆವು. ನೆಲ ಹೇಗೋ ಮನೆಯೂ ಹಾಗೆ. ಧರೆ ಆರಡಿಗೆ ನಿಲ್ಲುತ್ತದೆ, ತುಂಬುವುದೂ ಕಡಿಮೆ. ಇಲ್ಲಿ ಪಾಯವನ್ನು ಮೆಟ್ಟಿಲು ಮಾಡಬೇಕೇ ಹೊರತು ಇಳಿಜಾರಿಗೆ ಓರೆಯಾಗಿ ಹಾಕಬಾರದು. ಮೇಲಿನ ಫೂಟಿಂಗಿನ ಭಾರ ಕೆಳಗಿನದರ ಮೇಲೆ ಬೀಳದಂತೆ ಎರಡರ ನಡುವಿನ ಇಳಿಜಾರು ಅಡ್ಡಕ್ಕೆ ಎರಡು ಅಡಿಗೆ ಕೆಳಕ್ಕೆ ಒಂದು ಅಡಿ ಎಂಬುದಕ್ಕಿಂತ ಕಡಿದಾಗಬಾರದು. ಕೆಳಬದಿಯ ಫೂಟಿಂಗಿನ ಅಂಚಿನಿಂದ ಇಳಿಜಾರಿನ ಮೈಗೆ ಅಡ್ಡಲಾಗಿ ಮಣ್ಣಿನಲ್ಲಿ ಕನಿಷ್ಠ 90 ಸೆಂ.ಮೀ., ಬಂಡೆಯಲ್ಲಿ 60 ಸೆಂ.ಮೀ. ಇರಬೇಕೆಂದು ಅದೇ ಐಎಸ್ 1904 ಮಾನಕ ಹೇಳುತ್ತದೆ. ನಮ್ಮ ಮಳೆಗೆ ಮಣ್ಣು ಕೊಚ್ಚುವುದನ್ನು ನೋಡಿ ನಾನು ಅದನ್ನು ಇನ್ನೂ ಎರಡಡಿ ಹೆಚ್ಚಿಸುತ್ತೇನೆ. ವಯಸ್ಸಾದವರಿಗೆ ಮೆಟ್ಟಿಲು ಕಷ್ಟ ಎಂಬ ಮಾತು ನಿಜ. ಅವರ ಕೋಣೆ, ಬಚ್ಚಲು, ದೇವರಕೋಣೆ ಒಂದೇ ಮಟ್ಟದಲ್ಲಿ ಬರುವಂತೆ ನಕ್ಷೆ ತಿರುಗಿಸಬಹುದು.

ಅರ್ಧ ಪಿಲ್ಲರ್, ಅರ್ಧ ಗೋಡೆ

ಲೋಡ್ ಬೇರಿಂಗ್ ಮನೆಯ ನಾಲ್ಕು ಮೂಲೆಗೆ "ಬಲಕ್ಕಿರಲಿ" ಎಂದು ನಾಲ್ಕು ಪಿಲ್ಲರ್ ನಿಲ್ಲಿಸುವುದು ಈಗ ಎಲ್ಲೆಡೆ ಕಾಣುತ್ತದೆ. ಗೋಡೆ ಒಂದು ಪಾಯದ ಮೇಲೆ, ಪಿಲ್ಲರು ಇನ್ನೊಂದು ಫೂಟಿಂಗಿನ ಮೇಲೆ, ಎರಡೂ ಬೇರೆ ಬೇರೆಯಾಗಿ ಇಳಿಯುತ್ತವೆ, ಸೇರುವಲ್ಲಿ ಬಿರುಕು. ಯಾವ ಭಾರ ಯಾರು ಹೊರುತ್ತಿದ್ದಾರೆಂದು ಕಟ್ಟಿದವರಿಗೂ ಗೊತ್ತಿರುವುದಿಲ್ಲ.

ಆದರೆ ಎರಡನ್ನೂ ಸರಿಯಾಗಿ ಬೆಸೆಯುವ ಒಂದು ವಿಧಾನ ಇದೆ, ಇಂಗ್ಲಿಷಿನಲ್ಲಿ ಕನ್‌ಫೈನ್ಡ್ ಮೇಸನ್ರಿ ಎನ್ನುತ್ತಾರೆ. ಮೊದಲು ಗೋಡೆ ಕಟ್ಟಿ, ಅದರ ತುದಿಗಳನ್ನು ಹಲ್ಲುಹಲ್ಲಾಗಿ ಬಿಟ್ಟು, ಆಮೇಲೆ ಆ ಸಂದಿಯಲ್ಲಿ ಸಣ್ಣ ಕಂಬ ಎರಕ ಹೊಯ್ಯುತ್ತಾರೆ. ಕಾಂಕ್ರೀಟು ಹಲ್ಲುಗಳೊಳಗೆ ಹೊಕ್ಕು ಗೋಡೆಯನ್ನು ಬಿಗಿಹಿಡಿಯುತ್ತದೆ. ಭಾರವನ್ನು ಗೋಡೆಯೇ ಹೊರುತ್ತದೆ, ಕಂಬ ಅದನ್ನು ಚದುರದಂತೆ ನೋಡಿಕೊಳ್ಳುತ್ತದೆ, ಕೆಳಗೆ ಒಂದೇ ಪಾಯ. ಗಾಂಧಿನಗರದ ಐಐಟಿ ತನ್ನ ಸಿಬ್ಬಂದಿಯ, ವಿದ್ಯಾರ್ಥಿಗಳ ವಸತಿಗಳನ್ನು ಹೀಗೆ ಕಟ್ಟಿಸಿದೆ. ಜಂಬಿಟ್ಟಿಗೆಗೆ ಇದು ಚೆನ್ನಾಗಿ ಒಗ್ಗುತ್ತದೆ. ನಮ್ಮ ಮೇಸ್ತ್ರಿಗಳಿಗೆ ಒಂದು ಸಲ ನಿಂತು ತೋರಿಸಿದರೆ ಸಾಕು.

ಮಾಡಿನ ಭಾರ, ಕಾಂಕ್ರೀಟಿನ ಕಾಲ

ಪಾಯದ ಮಾತಾಡುವಾಗ ಮಾಡನ್ನು ಮರೆಯುತ್ತೇವೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹಂಚು ರೀಪು ಸಹಿತ ಚದರ ಮೀಟರಿಗೆ 65 ಕಿಲೋ ತೂಗುತ್ತದೆ; ಐದಿಂಚಿನ ಮೋಲ್ಡು 310 ಕಿಲೋ. ಮೇಲಿನ ಅಂತಸ್ತಿಗೆ ಹಂಚಿನ ಮಾಡಾದರೆ ಗೋಡೆಗೂ ಪಾಯಕ್ಕೂ ನಿರಾಳ, ಅಗಲವಾದ ಸೂರು ಜಂಬಿಟ್ಟಿಗೆ ಗೋಡೆಯನ್ನು ಮಳೆಯಿಂದ ಕಾಯುತ್ತದೆ. ಮೋಲ್ಡು ಹಾಕಿ, ಅದು ಸೋರಿ, ಮೇಲೆ ಮತ್ತೆ ಕಬ್ಬಿಣದ ಟ್ರಸ್ಸು ಶೀಟು ಹೊದಿಸುವುದು ಹೇಗೂ ಆಗುವುದಾದರೆ, ಮೊದಲೇ ಇಳಿಜಾರು ಮಾಡು ಮಾಡುವ ಬಗ್ಗೆ ಯೋಚಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಶೀಟಿನ ಮಾಡಿಗೆ ತೂಕದ ಚಿಂತೆಯಿಲ್ಲ, ಗಾಳಿ ಎತ್ತದಂತೆ ಬಿಗಿಯಬೇಕು ಅಷ್ಟೇ.

ಪಾಯ ಮತ್ತು ತಡೆಗೋಡೆ ದೀಪಾವಳಿಯಿಂದ ಯುಗಾದಿಯೊಳಗೆ ಮುಗಿಯಲಿ. ಆರ್‌ಸಿಸಿಗೆ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟಿಗೆ, ಎಂ20 ದರ್ಜೆಗಿಂತ ಕಡಿಮೆ ಬೇಡ, ಫೂಟಿಂಗಿನಲ್ಲಿ ಕಬ್ಬಿಣದ ಹೊರಗೆ 50 ಮಿ.ಮೀ. ಕಾಂಕ್ರೀಟ್ ಹೊದಿಕೆ (ಕವರ್) ಇರಲಿ. ಈಗ ಅಂಗಡಿಯಲ್ಲಿ ಸಿಗುವುದು ಬಹುತೇಕ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು, ಅದಕ್ಕೆ ಕನಿಷ್ಠ ಹತ್ತು ದಿನ ನೀರು ಹಾಕಬೇಕು. ಮಳೆ ಬರುತ್ತಿದೆ, ತಾನೇ ನೆನೆಯುತ್ತದೆ ಎಂದು ಬಿಟ್ಟ ಪಿಲ್ಲರುಗಳ ಒಂದು ಮಗ್ಗುಲು ನೆನೆದೇ ಇರುವುದಿಲ್ಲ.

ತಮ್ಮನಿಗೆ ನಾನು ಆ ದಿನ ಯಾವ ಲೆಕ್ಕವನ್ನೂ ಕೊಡಲಿಲ್ಲ. ಪುನರ್ವಸು ಮಳೆ ಹಿಡಿದ ಮೇಲೆ ಒಂದು ದಿನ, ಪುಷ್ಯದಲ್ಲಿ ಇನ್ನೊಂದು ದಿನ ಕೊಡೆ ಹಿಡಿದು ಸೈಟಿನಲ್ಲಿ ನಡೆದಾಡಿ, ಜಲ ಎದ್ದ ಕಡೆಗೆಲ್ಲ ಗೂಟ ಹೊಡೆಯಿರಿ ಎಂದಷ್ಟೇ ಹೇಳಿದೆ. ಅವರು 14 ಗೂಟ ಹೊಡೆದರು. ಅದರಲ್ಲಿ ಒಂಬತ್ತು ಒಂದೇ ಸಾಲಿನಲ್ಲಿದ್ದವು, ಸರಿಯಾಗಿ ದೇವರಕೋಣೆ ಮತ್ತು ಅಡುಗೆಮನೆ ಬರುವ ಜಾಗದ ಅಡಿಯಲ್ಲಿ. ಮನೆಯನ್ನು 25 ಅಡಿ ಪೂರ್ವಕ್ಕೆ ಸರಿಸಿದೆವು. ಅಲ್ಲಿ ಎರಡಡಿಗೇ ಗಟ್ಟಿ ಜಂಬಿಟ್ಟಿಗೆ ಸಿಕ್ಕಿತು. ಎರಡು ಮಟ್ಟದ ಮನೆ, ಮೆಟ್ಟಿಲು ಪಾಯ, ಸೈಜುಗಲ್ಲಿನ ಕಟ್ಟು, ಮೂರು ಬ್ಯಾಂಡ್, ಒಂದೂ ಪಿಲ್ಲರ್ ಇಲ್ಲ. ಆ ಒಂಬತ್ತು ಗೂಟಗಳ ಸಾಲಿನಲ್ಲಿ ಅಗಳ ತೆಗೆಸಿದ್ದಾರೆ. ಅದರ ನೀರು ಈಗ ತೋಟದ ಕೆರೆಗೆ ಹೋಗುತ್ತದೆ.